ಎಂಆರ್‌ಐ ಬದಲಿಗೆ ಅಲ್ಲ, ಅದಕ್ಕೂ ಮೊದಲು

ಮರೆವಿನ ಕಾಯಿಲೆ ಇರುವವರ ಮಿದುಳಿನ ಸಣ್ಣ ರಕ್ತನಾಳಗಳು ಕೆಟ್ಟಿವೆಯೇ ಅಂತ ಅಲ್ಟ್ರಾಸೌಂಡ್‌ನಿಂದ ತಿಳಿಯಬಹುದು ಎಂದು ಬರೆದಿದ್ದೀರಿ. ಓದಿ ಖುಷಿಯಾಯಿತು. ಒಂದು ವಿಷಯ ಮಾತ್ರ ಇನ್ನೂ ಬಿಡಿಸಿ ಹೇಳಬೇಕಿತ್ತು. ಆ ಸಣ್ಣ ನಾಳಗಳು ಅಲ್ಟ್ರಾಸೌಂಡ್‌ನಲ್ಲಿ ನೇರವಾಗಿ ಕಾಣುವುದಿಲ್ಲ. 1982ರಲ್ಲಿ ಬಂದ ಟ್ರಾನ್ಸ್‌ಕ್ರೇನಿಯಲ್ ಡಾಪ್ಲರ್ ಅಂದರೆ ತಲೆಬುರುಡೆಯ ಮೂಲಕ ಮಾಡುವ ಅಲ್ಟ್ರಾಸೌಂಡ್. ಇದರಲ್ಲಿ ಕಿವಿಯ ಮುಂದಿನ ತೆಳು ಮೂಳೆಯ ಮೇಲೆ ಪ್ರೋಬ್ (ಅಲ್ಟ್ರಾಸೌಂಡ್ ಕಳಿಸುವ ಕೈಯಲ್ಲಿ ಹಿಡಿಯುವ ಸಾಧನ) ಇಡುತ್ತಾರೆ. ಒಳಗಿನ ದೊಡ್ಡ ನಾಳದಲ್ಲಿ ರಕ್ತ ಓಡುವ ವೇಗ ನೋಡುತ್ತಾರೆ. ಮುಂದಿನ ಸಣ್ಣ ನಾಳಗಳು ಗಡುಸಾಗಿದ್ದರೆ ಎದೆಯ ಪ್ರತಿ ಬಡಿತಕ್ಕೂ ಆ ವೇಗದ ಏರಿಳಿತ ಜಾಸ್ತಿಯಾಗುತ್ತದೆ. ಕಬ್ಬಿನ ಹೊಲದಲ್ಲಿ ಡ್ರಿಪ್ ತೂತು ಕಟ್ಟಿದರೆ ಮೋಟರ್ ಹತ್ತಿರವೇ ಒತ್ತಡ ಏರುತ್ತದಲ್ಲ, ಹಾಗೆ.

ಆದರೆ ಬರೀ ವಯಸ್ಸಿನಿಂದಲೂ, ಬಿಪಿಯಿಂದಲೂ ಆ ಏರಿಳಿತ ಹೆಚ್ಚುತ್ತದೆ. ವಯಸ್ಸಾದ ಹೆಂಗಸರಲ್ಲಿ ಮೂಳೆ ದಪ್ಪವಾಗಿ ಅಲ್ಟ್ರಾಸೌಂಡ್ ಒಳಗೆ ಹೋಗದೆ ಕೆಲವೊಮ್ಮೆ ಏನೂ ಸಿಗುವುದೇ ಇಲ್ಲ. ಹಾಗಾಗಿ ಇದೊಂದೇ ಸಾಕು ಅಂತ ಯಾರೂ ತಿಳಿಯಬಾರದು.

ಆದರೂ ನಮ್ಮ ಬಾಗಲಕೋಟೆ ಕಡೆ ಇದರಿಂದ ಬಹಳ ಉಪಕಾರವಾದೀತು. ಬೀಳಗಿ, ಹುನಗುಂದದ ಹಳ್ಳಿಯಿಂದ ಮುದುಕರನ್ನು ಎಂಆರ್‌ಐಗೆ ಕರೆತರುವುದೆಂದರೆ ಗಾಡಿ ಬಾಡಿಗೆ, ಜೊತೆಗೆ ಬಂದವರ ಒಂದು ದಿನದ ಕೂಲಿ, ಎಲ್ಲವೂ ಹೋಗುತ್ತದೆ. ಮಷೀನಿನ ಸದ್ದಿಗೆ ಅವರು ಹೆದರುವುದು ಬೇರೆ! ಅಜ್ಜ ಹೆಜ್ಜೆ ಎಳೆಯುತ್ತಾ ನಡೆದರೆ, ಮಾತು ನಿಧಾನವಾದರೆ ಅದು ಈ ಸಣ್ಣ ನಾಳಗಳ ತೊಂದರೆಯೂ ಇರಬಹುದು; ನಾವು ‘ವಯಸ್ಸಾತು ಬಿಡ್ರಿ’ ಅಂತ ಸುಮ್ನೆ ಕೂರುತ್ತೇವೆ. ಬಿಪಿ ಗುಳಿಗೆ ನಿಂತಿದೆಯಾ ಅಂತ ಕೇಳುವವರು ಕಡಿಮೆ. ಈ ಪರೀಕ್ಷೆಯಲ್ಲಿ ಅನುಮಾನ ಬಂದವರನ್ನಾದರೂ ಬೇಗ ಎಂಆರ್‌ಐಗೆ ಕಳಿಸಬಹುದು, ಬಿಪಿ ಮತ್ತು ಸಕ್ಕರೆ ಹಿಡಿತಕ್ಕೆ ತರಬಹುದು. ಜಿಲ್ಲಾ ಆಸ್ಪತ್ರೆಗಳಲ್ಲಿ ಇದನ್ನು ಮಾಡಲು ಎಂಥ ತರಬೇತಿ ಬೇಕು ಅಂತ ದಯವಿಟ್ಟು ಮುಂದಿನ ಲೇಖನದಲ್ಲಿ ಬರೆಯಿರಿ.