ಕಾರಣವಿಲ್ಲದೆ ಕಟ್ಟಿದ ಹೆಪ್ಪು: ಮಾತ್ರೆ ಜೀವನಪೂರ್ತಿ ಬೇಕೇ?

ಪರ: ನಿಲ್ಲಿಸಿದರೆ ಮರಳುತ್ತದೆ

ಮಂಡಿ ಆಪರೇಷನ್ ಆದಮೇಲೋ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದಾಗಲೋ ಕಾಲಿನ ಆಳದ ರಕ್ತನಾಳದಲ್ಲಿ ಹೆಪ್ಪು ಕಟ್ಟಿದರೆ ಹೆಪ್ಪು ತಡೆಯುವ ಮಾತ್ರೆ ಸಾಮಾನ್ಯವಾಗಿ ಮೂರು ತಿಂಗಳು ಸಾಕು. ಅದರಲ್ಲಿ ತಕರಾರಿಲ್ಲ. ತಕರಾರು ಇರುವುದು ಕಾಣುವ ಕಾರಣವೇ ಇಲ್ಲದೆ ಕಟ್ಟಿದ ಹೆಪ್ಪಿನ ಬಗ್ಗೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಇಂಥವರು ಮಾತ್ರೆ ಬಿಟ್ಟ ಮೊದಲ ವರ್ಷವೇ ನೂರಕ್ಕೆ 10 ಮಂದಿಗೆ ಹೆಪ್ಪು ಮರಳುತ್ತದೆ. ಐದು ವರ್ಷಕ್ಕೆ 25, ಹತ್ತು ವರ್ಷಕ್ಕೆ 36.

'ಇನ್ನೊಂದೂವರೆ ವರ್ಷ ತಿಂದು ಬಿಡೋಣ' ಎಂಬ ನಡುದಾರಿಯೂ ಕೆಲಸ ಮಾಡಲಿಲ್ಲ. ಶ್ವಾಸಕೋಶಕ್ಕೆ ಹೆಪ್ಪು ಹೋದವರಿಗೆ ಆರು ತಿಂಗಳ ಮೇಲೆ ಮತ್ತೆ 18 ತಿಂಗಳು ವಾರ್ಫರಿನ್ (ಹೆಪ್ಪು ತಡೆಯುವ ಹಳೆಯ ಮಾತ್ರೆ) ಕೊಟ್ಟು ನೋಡಿದ ಪಡಿಸ್-ಪಿಇ ಪ್ರಯೋಗದಲ್ಲಿ, ಮಾತ್ರೆ ನಿಲ್ಲಿಸಿದ ಮೇಲೆ ಅದುವರೆಗಿನ ಲಾಭ ಉಳಿಯಲಿಲ್ಲ. ಮಾತ್ರೆ ತಡೆಯುತ್ತದೆ, ಗುಣಪಡಿಸುವುದಿಲ್ಲ. ('ರಕ್ತ ತೆಳುವಾಗಿಸುವ ಮಾತ್ರೆ' ಎಂಬ ಹೆಸರೂ ತಪ್ಪೇ. ರಕ್ತ ತೆಳುವಾಗುವುದಿಲ್ಲ, ಹೆಪ್ಪುಗಟ್ಟುವ ಸರಪಳಿಯ ಒಂದು ಕೊಂಡಿ ಕಳಚುತ್ತದೆ, ಅಷ್ಟೆ.)

ಈಗ ಡೋಸ್ ಇಳಿಸಿಯೂ ಮುಂದುವರಿಸಬಹುದು. 6ರಿಂದ 12 ತಿಂಗಳ ಚಿಕಿತ್ಸೆ ಮುಗಿದವರಿಗೆ ಅಪಿಕ್ಸಬಾನ್ ಎಂಬ ಹೊಸ ಮಾತ್ರೆಯನ್ನು 2.5 ಮಿಲಿಗ್ರಾಂ ದಿನಕ್ಕೆರಡು ಬಾರಿ ಕೊಟ್ಟ 2013ರ ಪ್ರಯೋಗದಲ್ಲಿ, ಒಂದು ವರ್ಷದೊಳಗೆ ಹೆಪ್ಪು ಮರಳಿದ್ದು ಅಥವಾ ಅದರಿಂದ ಸಾವು ಬಂದದ್ದು ಶೇ. 1.7 ಮಂದಿಗೆ. ಹುಸಿ ಮಾತ್ರೆ ತಿಂದವರಲ್ಲಿ ಶೇ. 8.8. ಇಂಥ ಮಾತ್ರೆಗಳ ಮುಖ್ಯ ಅಪಾಯವಾದ ದೊಡ್ಡ ರಕ್ತಸ್ರಾವ ಕ್ರಮವಾಗಿ ಶೇ. 0.2 ಮತ್ತು 0.5. ಆಸ್ಪಿರಿನ್ ಇದಕ್ಕೆ ಬದಲಿಯಲ್ಲ: 2017ರ ಪ್ರಯೋಗದಲ್ಲಿ ಇನ್ನೊಂದು ಹೊಸ ಮಾತ್ರೆ ರಿವರೊಕ್ಸಬಾನ್ 10 ಮಿಲಿಗ್ರಾಂ ತಿಂದ ಶೇ. 1.2 ಮಂದಿಗೆ ಹೆಪ್ಪು ಮರಳಿದರೆ ಆಸ್ಪಿರಿನ್ ತಿಂದವರಲ್ಲಿ ಅದು ಶೇ. 4.4. ದೊಡ್ಡ ರಕ್ತಸ್ರಾವ ಎರಡರಲ್ಲೂ ಹೆಚ್ಚುಕಡಿಮೆ ಒಂದೇ.

ವಿರೋಧ: ಸಾವುಗಳನ್ನೂ ಎಣಿಸಿ

ಅಪಿಕ್ಸಬಾನ್ ಪ್ರಯೋಗ ನಡೆದದ್ದು ಹನ್ನೆರಡು ತಿಂಗಳು. ಸೇರಿದವರ ಸರಾಸರಿ ವಯಸ್ಸು ಅರವತ್ತಕ್ಕಿಂತ ಕಡಿಮೆ. ಮೂತ್ರಪಿಂಡ ಸೋತ ಮುದುಕರು ಅಲ್ಲಿ ವಿರಳ. ಅದನ್ನು ಹಿಡಿದು 'ಜೀವನಪೂರ್ತಿ' ಎನ್ನುವುದು ಹೇಗೆ?

ಮರಳುವ ಹೆಪ್ಪುಗಳಲ್ಲಿ ಜೀವ ತೆಗೆಯುವುದು ನೂರಕ್ಕೆ ಸುಮಾರು 4. ದೊಡ್ಡ ರಕ್ತಸ್ರಾವಗಳಲ್ಲಿ ನೂರಕ್ಕೆ ಸುಮಾರು 10. ಹೊಸ ಮಾತ್ರೆಗಳನ್ನು ದೀರ್ಘಕಾಲ ತಿನ್ನುವ ನೂರು ಮಂದಿಯಲ್ಲಿ ವರ್ಷಕ್ಕೆ ಸುಮಾರು 1.1 ದೊಡ್ಡ ರಕ್ತಸ್ರಾವ ಎಂದು 2021ರ ವಿಶ್ಲೇಷಣೆ ಹೇಳಿತು. ಹಾಗಾದರೆ ಐದು ವರ್ಷದಲ್ಲಿ ಮಾತ್ರೆ ಬಿಟ್ಟ ನೂರು ಮಂದಿಯಲ್ಲಿ ಹೆಪ್ಪಿನಿಂದ ಒಂದು ಸಾವು, ತಿಂದ ನೂರರಲ್ಲಿ ರಕ್ತಸ್ರಾವದಿಂದ ಅರ್ಧ. ಒರಟು ಲೆಕ್ಕವೇ, ಆದರೆ ಅಂತರ ಎಷ್ಟು ಸಣ್ಣದೆಂದು ಕಾಣುತ್ತದೆ. 65 ದಾಟಿದವರು, ಹಿಂದೊಮ್ಮೆ ರಕ್ತಸ್ರಾವ ಆದವರು, ಹಿಮೋಗ್ಲೋಬಿನ್ 10ಕ್ಕಿಂತ ಕಡಿಮೆ ಇರುವವರು, ಜೊತೆಗೆ ಆಸ್ಪಿರಿನ್ ತಿನ್ನುವವರು: ಇವರಲ್ಲಿ ರಕ್ತಸ್ರಾವ ಇನ್ನೂ ಹೆಚ್ಚು, ಆ ಅಂತರವೂ ಅಳಿಸಿಹೋಗುತ್ತದೆ.

ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಿಲ್ಲ. ಮಾತ್ರೆ ನಿಲ್ಲಿಸಬಹುದೇ ಎಂದು ಅಳೆಯುವ ಹರ್ಡೂ-2 ಸೂತ್ರ ಹೆಂಗಸರಲ್ಲಿ ನಾಲ್ಕು ಅಂಶ ನೋಡುತ್ತದೆ: ಕಾಲಿನಲ್ಲಿ ಊತ ಇಲ್ಲವೇ ಕೆಂಪು ಇಲ್ಲವೇ ಕಪ್ಪುಗಟ್ಟುವಿಕೆ, ಮಾತ್ರೆ ತಿನ್ನುತ್ತಿರುವಾಗಲೇ ಮಾಡಿಸಿದ ಡಿ-ಡೈಮರ್ (ಹೆಪ್ಪಿನ ಕುರುಹು ಹುಡುಕುವ ರಕ್ತಪರೀಕ್ಷೆ) 250 ಅಥವಾ ಹೆಚ್ಚು, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 30 ಅಥವಾ ಹೆಚ್ಚು, ವಯಸ್ಸು 65 ಅಥವಾ ಹೆಚ್ಚು. ಒಂದೂ ಇಲ್ಲದಿದ್ದರೆ, ಇಲ್ಲವೇ ಒಂದೇ ಇದ್ದರೆ, ನಿಲ್ಲಿಸಬಹುದು; ಹಾಗೆ ನಿಲ್ಲಿಸಿದವರಲ್ಲಿ ಹೆಪ್ಪು ಮರಳಿದ್ದು ವರ್ಷಕ್ಕೆ ಶೇ. 3. ಗಂಡಸರಿಗೆ ಈ ರಿಯಾಯಿತಿ ಇಲ್ಲ.

ಇನ್ನು ಮನೆಯ ಮಾತು. ಅಪಿಕ್ಸಬಾನ್‌ನ ಅರ್ಧಾಯುಷ್ಯ (ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯುವ ಹೊತ್ತು) ಸುಮಾರು 12 ಗಂಟೆ, ಎರಡು ಹೊತ್ತು ಮರೆತರೆ ರಕ್ಷಣೆ ಹೆಚ್ಚೇನೂ ಉಳಿಯದು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟೋಯಿನ್ ಅದರ ಮಟ್ಟವನ್ನು ಕುಗ್ಗಿಸುತ್ತವೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ನೋವಿನ ಮಾತ್ರೆ ರಕ್ತಸ್ರಾವವನ್ನು ಹೆಚ್ಚಿಸುತ್ತದೆ. ಚೀಟಿಯಲ್ಲಿ 'ಮುಂದುವರಿಸಿ' ಎಂದು ಬರೆಯುವವರು ವರ್ಷಕ್ಕೊಮ್ಮೆಯಾದರೂ ಹಿಮೋಗ್ಲೋಬಿನ್, ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ), ತೂಕ ನೋಡಿ, 'ಇನ್ನೂ ಬೇಕೇ?' ಎಂದೂ ಬರೆಯಲಿ.