ನಂಬಿಕೆಗೆ ಶೇ 18 ಜಿಎಸ್‌ಟಿ ಪ್ರತ್ಯೇಕ

ಬೆಂಗಳೂರಿನ ತಾರಾ ಹೋಟೆಲುಗಳ ಸಭಾಂಗಣಗಳು ಶನಿವಾರ, ಭಾನುವಾರಗಳಂದು ಒಂದೋ ಮದುವೆಗೆ ಮೀಸಲು, ಇಲ್ಲವೇ ಮನಸ್ಸಿಗೆ. ಮದುವೆಗೆ ಹೋದವರು ಉಂಡು, ಮುಯ್ಯಿ ಕೊಟ್ಟು ಬರುತ್ತಾರೆ. ಮನಸ್ಸಿಗೆ ಹೋದವರು ಮುಂಗಡವಾಗಿಯೇ ಹಣ ಕಟ್ಟಿ, ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು, ಎರಡು ದಿನ ಕಣ್ಣು ಮುಚ್ಚಿ ಕುಳಿತು, ತಮ್ಮ ಮಂಡಿನೋವು, ಅಜೀರ್ಣ, ನಿದ್ರಾಹೀನತೆ ಹಾಗೂ ಗೃಹಸಾಲಗಳಿಗೆಲ್ಲ ತಾವು ಸಾಕಷ್ಟು ನಂಬದೇ ಇದ್ದುದೊಂದೇ ಕಾರಣವೆಂಬ ಜ್ಞಾನೋದಯದೊಂದಿಗೆ ಮರಳುತ್ತಾರೆ. ಇದರ ಹೆಸರು ‘ಮನಶ್ಶಕ್ತಿ ಕಾರ್ಯಾಗಾರ’. ಪ್ಲಸೀಬೊ ಪರಿಣಾಮವನ್ನು, ಅಂದರೆ ಔಷಧವಿಲ್ಲದ ಹುಸಿ ಮದ್ದಿನಿಂದಲೂ ಸಿಗುವ ಉಪಶಮನವನ್ನು, ನಮ್ಮ ಮೇಲೆ ನಾವೇ ಪ್ರಯೋಗಿಸಿಕೊಳ್ಳುವುದು ಹೇಗೆಂದು ಅಲ್ಲಿ ಕಲಿಸಲಾಗುತ್ತದೆ.

ಕಲಿಕೆಯ ಕ್ರಮ ಕಠಿಣವಾದುದೇನಲ್ಲ. ನೀರಿನ ಬಾಟಲಿಗೆ ‘ಆರೋಗ್ಯ’ ಎಂದು ಬರೆದ ಚೀಟಿ ಅಂಟಿಸಿ ಆ ನೀರನ್ನು ಗುಟುಕು ಗುಟುಕಾಗಿ ಕುಡಿಯಬೇಕು. ‘ನನ್ನ ಮಂಡಿ ಸಂಪೂರ್ಣ ಗುಣವಾಗಿದೆ’ ಎಂಬ ವಾಕ್ಯವನ್ನು ಬೆಳಿಗ್ಗೆ ಮೂರು, ಮಧ್ಯಾಹ್ನ ಆರು, ರಾತ್ರಿ ಒಂಬತ್ತು ಬಾರಿ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ‘ಗುಣವಾಗಲಿ’ ಎಂದು ಬರೆಯುವುದು ಮಹಾಪರಾಧ; ಇನ್ನೂ ಗುಣವಾಗಿಲ್ಲವೆಂದು ಒಪ್ಪಿಕೊಂಡಂತಾಗಿ ಅಷ್ಟೂ ಬರವಣಿಗೆ ವ್ಯರ್ಥವಾಗುತ್ತದೆ. ಇಂಥ ಸಭೆಗಳಲ್ಲಿ ಹಿಂದಿನ ಸಾಲಿನ ಹಿರಿಯ ಮಹಿಳೆಯೊಬ್ಬರು ಎದ್ದು ನಿಂತು, “ಗುಣವಾಗಿದೆ ಅಂತ ಬರೆದ ಮೇಲೆ ಬಿ.ಪಿ. ಮಾತ್ರೆ ನಿಲ್ಲಿಸಬಹುದಾ ಸಾರ್?” ಎಂದು ಕೇಳಿಯೇ ಕೇಳುತ್ತಾರೆ. “ಅದು ನಿಮ್ಮ ನಂಬಿಕೆಗೆ ಬಿಟ್ಟದ್ದು ಮೇಡಂ” ಎಂದು ತರಬೇತುದಾರರು ಮುಗುಳ್ನಗುತ್ತಾರೆ. ಯಾವ ನ್ಯಾಯಾಲಯದಲ್ಲಿಯೂ ಸೋಲದ ಉತ್ತರವದು.

ನಂಬಿಕೆಯಿಂದ ಗುಣವಾಗುವುದು ನಮಗೇನೂ ಹೊಸದಲ್ಲ. ಸೂಜಿ ಚುಚ್ಚದ ವೈದ್ಯರನ್ನು ವೈದ್ಯರೆಂದೇ ಒಪ್ಪದ, ಒಂದು ಬಾಟಲಿ ಗ್ಲೂಕೋಸ್ ಏರಿಸಿದ ಮೇಲೆಯೇ ಮಂಚದಿಂದೇಳುವ, ಎದ್ದ ಮೇಲೆ “ಅವರ ಕೈಗುಣ ಚೆನ್ನಾಗಿದೆ” ಎಂದು ಊರಿಗೆಲ್ಲ ಹೇಳುವ ರೋಗಿಗಳು ನಮ್ಮ ಪ್ರತಿ ತಾಲ್ಲೂಕಿನಲ್ಲಿದ್ದಾರೆ. ಅಲ್ಲಿ ನಂಬಿಸುವುದಕ್ಕೊಬ್ಬರು, ನಂಬುವುದಕ್ಕೊಬ್ಬರು ಬೇಕಿತ್ತು. ಹೊಸ ವಿಧಾನದಲ್ಲಿ ನಂಬಿಸುವವರೂ ನಂಬುವವರೂ ನಾವೇ ಆಗಿರುವುದರಿಂದ, ತನ್ನ ಜೇಬಿಗೆ ತಾನೇ ಕೈಹಾಕಿ ಸಿಕ್ಕಿಬೀಳದ ಕಳ್ಳನಂತೆ, ನಾವು ಏಕಕಾಲದಲ್ಲಿ ಜಾಣರೂ ಮುಗ್ಧರೂ ಆಗಿರಬೇಕಾಗುತ್ತದೆ.

ಇದೆಲ್ಲ ‘ಹಾರ್ವರ್ಡ್‌ನಲ್ಲಿ ಸಾಬೀತಾಗಿದೆ’ ಎಂದು ಪರದೆಯ ಮೇಲೆ ಮೂಡುತ್ತದೆ. ಸಾಬೀತಾದುದು ಏನೆಂದರೆ, ಹಾರ್ವರ್ಡ್‌ನ ಟೆಡ್ ಕ್ಯಾಪ್ಚಕ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕರುಳಿನ ಕಿರಿಕಿರಿಯಿಂದ ನರಳುತ್ತಿದ್ದ 80 ರೋಗಿಗಳ ಪೈಕಿ ಒಂದು ಗುಂಪಿಗೆ, ಔಷಧವಿಲ್ಲದ ಮಾತ್ರೆಯೆಂದು ಮುಚ್ಚುಮರೆಯಿಲ್ಲದೆ ತಿಳಿಸಿಯೇ ಮಾತ್ರೆ ಕೊಡಲಾಯಿತು. ಮೂರು ವಾರಗಳ ಬಳಿಕ ಆ ಗುಂಪಿನ ಶೇ 59ರಷ್ಟು ಮಂದಿ ಸಾಕಷ್ಟು ಉಪಶಮನವಾಗಿದೆ ಎಂದರು. ಮಾತ್ರೆ ಪಡೆಯದವರಲ್ಲಿ ಹಾಗೆಂದವರು ಶೇ 35. ನಂಬಿಕೆಯ ವ್ಯಾಪಾರಕ್ಕೆ ಇದರಲ್ಲೊಂದು ಅಪಶಕುನವೂ ಇದೆ. ಸಕಾರಾತ್ಮಕ ಮನೋಭಾವವಿದ್ದರೆ ಒಳ್ಳೆಯದು, ಆದರೆ ಅದು ಕಡ್ಡಾಯವಲ್ಲ, ಮಾತ್ರೆಯನ್ನು ದಿನಕ್ಕೆರಡು ಬಾರಿ ತಪ್ಪದೆ ನುಂಗುವುದು ಮುಖ್ಯ ಎಂದು ಆ ರೋಗಿಗಳಿಗೆ ಹೇಳಲಾಗಿತ್ತು. ವೈದ್ಯರು ಕೂತು ಮಾತಾಡಿಸುವುದೂ ಇತ್ತು. ಆದರೆ ನಮ್ಮ ಸಭಾಂಗಣದಲ್ಲಿ ಮಾತ್ರೆಯೂ ಇಲ್ಲ, ವೈದ್ಯರೂ ಇಲ್ಲ. ಕಡ್ಡಾಯವಲ್ಲವೆಂದು ಹೇಳಿದ್ದ ಸರಕೊಂದನ್ನೇ ಪೊಟ್ಟಣ ಕಟ್ಟಿ ಮಾರಲಾಗುತ್ತಿದೆ.

ಇಷ್ಟೊಂದು ಶುಲ್ಕವೇಕೆ ಎಂದು ಗೊಣಗುವವರು ವಿಜ್ಞಾನವನ್ನು ಅರಿಯದವರು. 2008ರಲ್ಲಿ ವರ್ತನಾ ಅರ್ಥಶಾಸ್ತ್ರಜ್ಞ ಡ್ಯಾನ್ ಏರಿಯಲಿ ಮತ್ತು ಸಂಗಡಿಗರು 82 ಸ್ವಯಂಸೇವಕರ ಮಣಿಕಟ್ಟಿಗೆ ವಿದ್ಯುತ್ ಆಘಾತ ಕೊಟ್ಟು, ನೋವು ನಿವಾರಕವೆಂದು ಹೇಳಿ ಒಂದೇ ಬಗೆಯ ಹುಸಿ ಮಾತ್ರೆ ನುಂಗಿಸಿದರು. ಅದರ ಬೆಲೆ ಎರಡೂವರೆ ಡಾಲರ್ ಎಂದು ತಿಳಿದವರಲ್ಲಿ ಶೇ 85ರಷ್ಟು ಮಂದಿಗೆ ನೋವು ಇಳಿಯಿತು. 10 ಸೆಂಟ್‌ಗೆ ಇಳಿಸಿದ ಮಾತ್ರೆಯೆಂದು ತಿಳಿದವರಲ್ಲಿ ಶೇ 61ರಷ್ಟು ಮಂದಿಗಷ್ಟೇ ಇಳಿಯಿತು. ಈ ತರ್ಕದಂತೆ, ‘ಮೊದಲ ಐವತ್ತು ಮಂದಿಗೆ ರಿಯಾಯಿತಿ’ ಎಂದು ಪ್ರಕಟಿಸುವ ಸಂಘಟಕರು ಆ ಐವತ್ತು ಮಂದಿಗೆ ಕಳಪೆ ಔಷಧ ವಿತರಿಸುತ್ತಿದ್ದಾರೆ. ಶುಲ್ಕದ ಮೇಲೆ ಬೀಳುವ ಶೇ 18 ಜಿಎಸ್‌ಟಿಯನ್ನೂ ಚಿಕಿತ್ಸೆಯ ಭಾಗವೆಂದೇ ಭಾವಿಸತಕ್ಕದ್ದು. ತೆರಿಗೆಯಿಂದ ಮಂಡಿನೋವು ಇಳಿಯುವುದನ್ನು ಕೇಂದ್ರ ಸರ್ಕಾರವೂ ನಿರೀಕ್ಷಿಸಿರಲಾರದು.

ಶುಲ್ಕದ ಈ ಮಹಿಮೆಯನ್ನು ಅರಿಯದೆ ಎಡವಟ್ಟು ಮಾಡಿಕೊಂಡವನು ಫ್ರಾನ್ಸಿನ ಔಷಧ ವ್ಯಾಪಾರಿ ಎಮಿಲ್ ಕುಯೆ. ‘ದಿನದಿಂದ ದಿನಕ್ಕೆ, ಎಲ್ಲ ರೀತಿಯಲ್ಲೂ ನಾನು ಉತ್ತಮಗೊಳ್ಳುತ್ತಿದ್ದೇನೆ’ ಎಂಬ ವಾಕ್ಯವನ್ನು ಬೆಳಿಗ್ಗೆ ಎದ್ದೊಡನೆಯೂ ರಾತ್ರಿ ಮಲಗುವಾಗಲೂ ಇಪ್ಪತ್ತು ಇಪ್ಪತ್ತು ಬಾರಿ ಹೇಳಿಕೊಳ್ಳಿರೆಂದು ಆತ ನೂರು ವರ್ಷಗಳ ಹಿಂದೆಯೇ ಬೋಧಿಸಿದ್ದ. ಲೆಕ್ಕ ತಪ್ಪದಿರಲೆಂದು ಇಪ್ಪತ್ತು ಗಂಟುಗಳ ದಾರವನ್ನೂ ಸೂಚಿಸಿದ್ದ. (ನೂರೆಂಟು ಮಣಿಗಳ ಜಪಮಾಲೆ ಹಿಡಿಯುವ ನಮ್ಮ ಅಜ್ಜಿಯರಿಗೆ ಅದು ಬಾಯಿ ಬಿಸಿಮಾಡಿಕೊಳ್ಳುವುದಕ್ಕೂ ಸಾಲದು.) 1923ರಲ್ಲಿ ಅಮೆರಿಕಕ್ಕೆ ಹೋದಾಗ ಜನ ಮುಗಿಬಿದ್ದರು. ಆದರೆ ನ್ಯಾನ್ಸಿ ಪಟ್ಟಣದ ತನ್ನ ಮನೆಗೆ ಬಂದ ರೋಗಿಗಳಿಂದ ಆತ ಶುಲ್ಕ ಪಡೆಯುತ್ತಿರಲಿಲ್ಲ. ಪುಕ್ಕಟೆ ಮದ್ದಿನ ಖ್ಯಾತಿ 1926ರಲ್ಲಿ ಆತ ತೀರಿಕೊಂಡ ಮೇಲೆ ಹೆಚ್ಚು ಕಾಲ ಬಾಳಲಿಲ್ಲ.

ಕಾರ್ಯಾಗಾರದ ಪರದೆಯ ಮೇಲೆ ಬಾರದ ಅಧ್ಯಯನವೂ ಒಂದಿದೆ. ಅದೂ ಹಾರ್ವರ್ಡ್‌ನದೇ, ಅದರಲ್ಲೂ ಕ್ಯಾಪ್ಚಕ್ ಅವರಿದ್ದಾರೆ. 2011ರಲ್ಲಿ ಪ್ರಕಟವಾದ ಇದರಲ್ಲಿ ಆಸ್ತಮಾ ರೋಗಿಗಳಿಗೆ ನಿಜವಾದ ಇನ್‌ಹೇಲರ್, ಹುಸಿ ಇನ್‌ಹೇಲರ್, ಹುಸಿ ಅಕ್ಯುಪಂಕ್ಚರ್ ನೀಡಿ, ಏನನ್ನೂ ನೀಡದ ಸ್ಥಿತಿಯೊಂದಿಗೆ ಹೋಲಿಸಲಾಯಿತು. ಮೂರೂ ಚಿಕಿತ್ಸೆಗಳ ಬಳಿಕ ರೋಗಿಗಳು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ “ಈಗ ಪರವಾಗಿಲ್ಲ” ಎಂದರು. ಶ್ವಾಸಕೋಶವನ್ನು ಯಂತ್ರಕ್ಕೆ ಊದಿಸಿ ಅಳೆದಾಗ, ನಿಜವಾದ ಔಷಧದಿಂದ ಉಸಿರಿನ ಬಲ ಶೇ 20ರಷ್ಟು ಏರಿತ್ತು. ಉಳಿದೆರಡರಿಂದ ಶೇ 7ರ ಆಸುಪಾಸು, ಏನನ್ನೂ ನೀಡದಿದ್ದಾಗಲೂ ಅಷ್ಟೇ. ರೋಗಿಗಳು ನಂಬಿದ್ದರು, ಅವರ ಶ್ವಾಸಕೋಶಕ್ಕೆ ಮಾತ್ರ ಮಾತು ತಲುಪಿರಲಿಲ್ಲ. ನೋವು, ವಾಕರಿಕೆ, ಆಯಾಸದಂಥ ಅನುಭವಗಳ ಬಳಿ ಪ್ಲಸೀಬೊ ಮಾತುಕತೆ ನಡೆಸಬಲ್ಲದು. ಕಟ್ಟಿಕೊಂಡ ಶ್ವಾಸನಾಳ, ಬೆಳೆಯುತ್ತಿರುವ ಗೆಡ್ಡೆ, ಏರಿದ ಸಕ್ಕರೆ ಯಾರ ನೋಟ್‌ಬುಕ್ಕನ್ನೂ ಓದುವುದಿಲ್ಲ.

ಸಂಘಟಕರಿಗೆ ಇದರಿಂದ ತೊಂದರೆಯೇನಿಲ್ಲ. ಗುಣವಾದರೆ ಅದು ವಿಧಾನದ ಮಹಿಮೆ, ಆಗದಿದ್ದರೆ ನಿಮ್ಮ ನಂಬಿಕೆಯ ಕೊರತೆ. ಕೊರತೆ ನೀಗಿಸಲು ‘ಅಡ್ವಾನ್ಸ್ಡ್’ ಹಂತವಿದೆ, ಅದಕ್ಕೆ ಶುಲ್ಕ ಬೇರೆ. ಹಣ ಮರಳಿ ಕೇಳುವುದು ನಂಬಿಕೆ ಇಲ್ಲದಿರುವುದಕ್ಕೆ ಸಾಕ್ಷಿಯಾದ್ದರಿಂದ ಅರ್ಜಿಯೇ ಅದರ ತಿರಸ್ಕಾರಕ್ಕೆ ಕಾರಣವಾಗುತ್ತದೆ. ಮಾಂತ್ರಿಕ ಪರಿಹಾರಗಳ ಜಾಹೀರಾತನ್ನು ನಿಷೇಧಿಸುವ ಕಾನೂನು 1954ರಿಂದಲೂ ಇದೆ. ತಾಯಿತ, ಮಂತ್ರ, ಕವಚಗಳನ್ನು ಅದು ಹೆಸರಿಸಿಯೇ ಹೇಳುತ್ತದೆ. ‘ಗುಣವಾಗಿದೆ’ ಎಂಬಂಥ ವಾಕ್ಯ ಬರೆದು ಲ್ಯಾಮಿನೇಟ್ ಮಾಡಿದ ‘ಅಫರ್ಮೇಶನ್ ಕಾರ್ಡ್’ ಅಂದಿನ ಸಂಸದರ ಕನಸಿನಲ್ಲಿಯೂ ಬಂದಿರಲಿಕ್ಕಿಲ್ಲ. ಪರ್ಸಿನಲ್ಲಿಟ್ಟುಕೊಂಡರೆ ತಾಯಿತಕ್ಕಿಂತ ಸಭ್ಯವಾಗಿಯೂ ಕಾಣುತ್ತದೆ.

ಕೊನೆಗೆ ಹೋಟೆಲಿನ ಆಡಳಿತ ಮಂಡಳಿಗೊಂದು ಸಲಹೆ. 2007ರಲ್ಲಿ ಮನೋವಿಜ್ಞಾನಿಗಳಾದ ಆಲಿಯಾ ಕ್ರಮ್ ಮತ್ತು ಎಲೆನ್ ಲ್ಯಾಂಗರ್ ಅಮೆರಿಕದ ಏಳು ಹೋಟೆಲುಗಳಲ್ಲಿ ಕೋಣೆ ಶುಚಿಗೊಳಿಸುವ 84 ಮಹಿಳೆಯರ ಅಧ್ಯಯನ ನಡೆಸಿ, ಅವರಲ್ಲಿ ಒಂದು ಗುಂಪಿಗೆ ‘ನೀವು ಮಾಡುವ ಕೆಲಸವೇ ಉತ್ತಮ ವ್ಯಾಯಾಮ’ ಎಂದು ತಿಳಿಸಿದರು. ನಾಲ್ಕು ವಾರಗಳಲ್ಲಿ ಆ ಗುಂಪಿನವರ ತೂಕವೂ ರಕ್ತದೊತ್ತಡವೂ ಕೊಂಚ ಇಳಿದಿದ್ದವು. ಕಾರ್ಯಾಗಾರ ಮುಗಿದ ಮೇಲೆ ‘ಆರೋಗ್ಯ’ದ ಖಾಲಿ ಬಾಟಲಿಗಳನ್ನು ಆಯ್ದು, ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ, ರಾತ್ರಿ ಹನ್ನೊಂದರವರೆಗೆ ನೆಲ ಒರೆಸುವ ಹೆಂಗಸರಿಗೂ ಈ ವಿಷಯ ತಿಳಿಸಬೇಕು. ಜಿಮ್ಮಿಗೆ ಜನ ಹಣ ಕಟ್ಟಿ ಹೋಗುವ ಕಾಲದಲ್ಲಿ ಅವರಿಗೆ ಸಂಬಳ ಕೊಡುತ್ತಿರುವುದೇ ಹೆಚ್ಚಾಯಿತೆಂದು ಮನವರಿಕೆ ಮಾಡಿಕೊಡಬೇಕು. ‘ನನ್ನ ಸಂಬಳ ಏರಿದೆ’ ಎಂದು ಬೆಳಿಗ್ಗೆ ಮೂರು, ಮಧ್ಯಾಹ್ನ ಆರು, ರಾತ್ರಿ ಒಂಬತ್ತು ಬಾರಿ ಬರೆದುಕೊಳ್ಳಲು ತಲಾ ಒಂದು ನೋಟ್‌ಬುಕ್ ಒದಗಿಸುವುದಷ್ಟೇ ಆಡಳಿತದ ಖರ್ಚು. ತಿಂಗಳ ಕೊನೆಯಲ್ಲಿ ಯಾರಾದರೂ ಬಂದು ಖಾತೆಗೆ ಹಣ ಬಂದಿಲ್ಲವೆಂದರೆ, ಉತ್ತರ ಹೇಗೂ ಸಿದ್ಧವಿದೆ: ಅಡ್ವಾನ್ಸ್ಡ್ ಹಂತಕ್ಕೆ ಹೆಸರು ಬರೆಸಿಕೊಳ್ಳಿ, ಸಿಬ್ಬಂದಿಗೆ ರಿಯಾಯಿತಿ ಇರುವುದಿಲ್ಲ.