ಯಾವ ಬಣ್ಣ ಹೊಡೆಸ್ತೀರಾ?

ಮನೆ ಹಿಂದಿನ ಶೆಡ್ಡಿಗೆ ಹಳೇ ಲಾರಿಯೊಂದು ಬಂದು ನಿಂತಿತು ಅನ್ನಿ. ಇಂಜಿನ್ ಓಡುತ್ತದೋ, ಚಾಸಿ ನೆಟ್ಟಗಿದೆಯೋ ಯಾರಿಗೂ ಬೇಕಿಲ್ಲ. ಹಾಲಿನವರು, ಎದುರುಮನೆಯವರು, ಮದುವೆ ಕಾರ್ಡ್ ಕೊಡಲು ಬಂದ ನೆಂಟರು, ಎಲ್ಲರದೂ ಒಂದೇ ಪ್ರಶ್ನೆ: “ಯಾವ ಬಣ್ಣ ಹೊಡೆಸ್ತೀರಾ?” ಮನೆಯಲ್ಲೇ ಲಾರಿಗೆ ಮೈ ಕಟ್ಟುವ ಕೆಲಸ ಕೆಡುವುದು ಬಹುತೇಕ ಈ ಪ್ರಶ್ನೆಗೆ ಉತ್ತರ ಕೊಡಲು ಹೋಗಿ. ಬಣ್ಣದ ಡಬ್ಬಿ ಮೊದಲೇ ಬಂದುಬಿಡುತ್ತದೆ. ನೆಲದ ಹಲಗೆ ಎತ್ತಿ ನೋಡುವುದು ಆಮೇಲೆ. ನೋಡಿದ ಮೇಲೆ ಡಬ್ಬಿ ಅಟ್ಟ ಸೇರಿ ಅಲ್ಲೇ ಕೆನೆಗಟ್ಟುತ್ತದೆ.

ಆ ಕಾಲದಲ್ಲಿ ಎಷ್ಟೋ ಲಾರಿಗಳು ಕಾರ್ಖಾನೆಯಿಂದ ಬರುತ್ತಿದ್ದದ್ದು ಚಾಸಿ, ಇಂಜಿನ್, ಮುಂದಿನ ಮೂತಿ ಇಷ್ಟೇ ಆಗಿ. ಕ್ಯಾಬಿನ್ನನ್ನೂ ಹಿಂದಿನ ಬಾಡಿಯನ್ನೂ ಬಡಗಿಗಳು, ಟಿಂಕರಿಂಗ್‌ನವರು ಕೂಡಿ ಕಟ್ಟುತ್ತಿದ್ದರು. ಮರದ ಚೌಕಟ್ಟು, ಮೇಲೆ ಮೊಳೆ ಹೊಡೆದ ತಗಡು. ಆದ್ದರಿಂದ ಒಂದು ಲಾರಿಯ ಬಾಗಿಲು ಇನ್ನೊಂದಕ್ಕೆ ಕೂರುವುದಿಲ್ಲ. ಅದೇ ಲಾರಿಯ ಎಡಬಾಗಿಲಿನ ಅಳತೆ ಬಲಬಾಗಿಲಿಗೆ ಹೊಂದಿದರೂ ಪುಣ್ಯವೇ. ಬಿಚ್ಚುವ ಮೊದಲು ಪ್ರತಿ ಬಾಗಿಲ ಚೌಕಟ್ಟಿನ ಎರಡೂ ಕರ್ಣಗಳನ್ನು ಟೇಪಿನಲ್ಲಿ ಅಳೆದು ಸೀಮೆಸುಣ್ಣದಲ್ಲಿ ಅಲ್ಲೇ ಬರೆಯಿರಿ, ಫೋಟೋ ತೆಗೆಯಿರಿ. ಫೋಟೋ ಯಾಕೆಂದರೆ ಸೀಮೆಸುಣ್ಣವನ್ನು ಯಾರಾದರೂ ಒಳ್ಳೆ ಮನಸ್ಸಿನಿಂದ ಒರೆಸಿ ಹಾಕಿರುತ್ತಾರೆ.

ಗಾಡಿಯ ಹುಟ್ಟಿದ ವರ್ಷವನ್ನೂ ಸರಿಯಾಗಿ ತಿಳಿದುಕೊಳ್ಳಿ. ಟೆಲ್ಕೊ ಕಂಪನಿ (ಇಂದಿನ ಟಾಟಾ ಮೋಟರ್ಸ್) ಡೈಮ್ಲರ್-ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡದ್ದು 1954ರಲ್ಲಿ. 1969ರಲ್ಲಿ ಅದು ಮುಗಿದು, ಮೂತಿಯ ಮೇಲಿದ್ದ ಬೆಂಜ್ ನಕ್ಷತ್ರ ಇಳಿದು ‘ಟಿ’ ಅಕ್ಷರ ಏರಿತು. ಜನರ ಬಾಯಲ್ಲಿ ಮಾತ್ರ ಇವತ್ತಿಗೂ ಅದು ಬೆಂಜ್ ಲಾರಿಯೇ. 1972ರ ಗಾಡಿಗೆ ನಕ್ಷತ್ರ ಸಿಗಿಸಿ ನಿಲ್ಲಿಸಿದರೆ, ನಮ್ಮ ತುಮಕೂರಿನ ಶಿರಾ ಗೇಟಿನಲ್ಲಿ ಟೀ ಕುಡಿಯುತ್ತಿರುವ ಯಾವ ಹಳೇ ಡ್ರೈವರ್ ಆದರೂ ರಸ್ತೆಯ ಆಚೆಯಿಂದಲೇ ತಪ್ಪು ಹಿಡಿಯುತ್ತಾರೆ.

ಇನ್ನು ಬೋಲ್ಟುಗಳು. ತುಕ್ಕು ಹಿಡಿದ ಬೋಲ್ಟ್ ಕಂಡರೆ ನಮ್ಮ ಕಡೆ ಮೊದಲು ಓಡಿ ಬರುವುದು ಕೊಬ್ಬರಿ ಎಣ್ಣೆ. ಅದು ಸುಮಾರು 24 ಡಿಗ್ರಿಗೆ ಗಟ್ಟಿಯಾಗುವ ಪದಾರ್ಥ. ಧನುರ್ಮಾಸದ ಬೆಳಿಗ್ಗೆ ಬೋಲ್ಟಿನ ಮೇಲೆ ಬೆಣ್ಣೆ ಮೆತ್ತಿದಂತೆ ಕೂತಿರುತ್ತದೆಯೇ ಹೊರತು ಮರೆಯ (ಬೋಲ್ಟಿನ ತಿರುಪು ಸುತ್ತಿನ) ಒಳಗೆ ಇಳಿಯುವುದಿಲ್ಲ. ಅಸಿಟೋನ್ ಮತ್ತು ಪವರ್ ಸ್ಟೀರಿಂಗ್ ಆಯಿಲ್ ಸಮಪಾಲು ಬೆರೆಸಿ, ರಾತ್ರಿ ಬಿಟ್ಟು, ಬೆಳಿಗ್ಗೆ ನಟ್ಟಿನ ಪಕ್ಕಕ್ಕೆ ಸುತ್ತಿಗೆಯಲ್ಲಿ ಎರಡೇಟು ಕೊಟ್ಟು ಆಮೇಲೆ ಸ್ಪ್ಯಾನರ್ ಹಾಕಿ. ಬ್ರಿಟಿಷ್ ಮೂಲದ ಗಾಡಿಗಳಲ್ಲಿ ವಿಟ್‌ವರ್ತ್ ಮರೆ ಸಿಗುತ್ತದೆ: ಅರ್ಧ ಇಂಚಿನ ಬೋಲ್ಟಿಗೆ ಇಂಚಿಗೆ 12 ಸುತ್ತು. ಅಂಗಡಿಯವರು ಕೊಡುವ, ಅಮೆರಿಕನ್ ಅಳತೆಯ ಅರ್ಧ ಇಂಚಿನ ಯುಎನ್‌ಸಿ ನಟ್ಟಿಗೆ 13. ಎರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯುತ್ತದೆ. “ಹೊಸದಲ್ವಾ, ಅದಕ್ಕೇ ಟೈಟು” ಎಂದು ಪೈಪ್ ಹಾಕಿ ತಿರುಗಿಸಿದರೆ ಮರೆ ಪೂರ್ತಿ ಸವೆದು ಕೈಗೆ ಬರುತ್ತದೆ. ಹಳೇ ಬೋಲ್ಟ್ ಒಂದನ್ನು ಜೇಬಿನಲ್ಲಿಟ್ಟುಕೊಂಡೇ ಅಂಗಡಿಗೆ ಹೋಗಬೇಕು.

ಚಿಲಕ, ಕೀಲು, ಕೊಂಡಿಯಂಥ ಸಣ್ಣ ಸಾಮಾನಿನ ತುಕ್ಕಿಗೆ ಹುಣಸೆಹಣ್ಣು ಒಳ್ಳೆಯ ಮದ್ದು. ಅದರಲ್ಲಿರುವ ಟಾರ್ಟಾರಿಕ್ ಆಮ್ಲ ತುಕ್ಕನ್ನು ಕರಗಿಸುತ್ತದೆ, ಕಬ್ಬಿಣವನ್ನು ಅಷ್ಟಾಗಿ ಮುಟ್ಟುವುದಿಲ್ಲ. ತುಮಕೂರಿನಲ್ಲಿ ಹುಣಸೆಹಣ್ಣಿಗೇನು ಬರ? ಆದರೆ ಅಡುಗೆಮನೆಯ ಜಾಡಿಗೆ ಕೈ ಹಾಕಬೇಡಿ, ಮನೆಯವರು ನೋಡುತ್ತಾರೆ ಅನ್ನುವುದೊಂದೇ ಕಾರಣವಲ್ಲ. ವರ್ಷವಿಡೀ ಕೆಡದಿರಲಿ ಎಂದು ಅದಕ್ಕೆ ಉಪ್ಪು ಬೆರೆಸಿ ಇಟ್ಟಿರುತ್ತಾರೆ. ಉಪ್ಪು ತುಕ್ಕಿನ ತವರು. ತುಕ್ಕು ಬಿಡಿಸಿದ ಮಾರನೇ ದಿನವೇ ದುಪ್ಪಟ್ಟು ತುಕ್ಕು! ಮಂಡಿಯಿಂದ ಉಪ್ಪಿಲ್ಲದ ಹಣ್ಣು ಅರ್ಧ ಕೆಜಿ ತಂದು ಐದು ಲೀಟರ್ ನೀರಿನಲ್ಲಿ ಕಿವುಚಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಬ್ರಷ್ಷಿನಲ್ಲಿ ಉಜ್ಜಿ, ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಅದ್ದಿ, ತೊಳೆದು ಒಣಗಿಸಿ ಕೂಡಲೇ ಎಣ್ಣೆ ಸವರಿ. “ಕಾಫಿ ಕುಡಿದು ಬರ್ತೀನಿ” ಎಂದು ಹೋದರೆ, ಬರುವಷ್ಟರಲ್ಲಿ ಕಿತ್ತಳೆ ಬಣ್ಣದ ಪೊರೆ ಕೂತಿರುತ್ತದೆ. ಸತುವಿನ ಲೇಪದ ಸಾಮಾನು ಮಾತ್ರ ಇದಕ್ಕೆ ಬೇಡ. ತುಕ್ಕಿಗಿಂತ ಮೊದಲು ಲೇಪವೇ ಹೋಗುತ್ತದೆ.

ದೊಡ್ಡ ತಗಡಿಗೆ ಗ್ರೈಂಡರೇ ಗತಿ. ನಾಲ್ಕು ಇಂಚಿನ ಗ್ರೈಂಡರ್ ನಿಮಿಷಕ್ಕೆ 11,000 ಸುತ್ತಿನ ಆಸುಪಾಸು ತಿರುಗುತ್ತದೆ. ಅಷ್ಟು ವೇಗದಲ್ಲಿ ಅದಕ್ಕೆ ತಗಡೂ ಒಂದೇ, ಪಂಚೆಯೂ ಒಂದೇ. ಭಾನುವಾರ, ಮನೆಯಲ್ಲೇ ತಾನೇ ಎಂದು ಲುಂಗಿಯಲ್ಲಿ ಕೂತರೆ ಮಾನ ಒಂದು ಕಡೆ, ತೊಡೆ ಇನ್ನೊಂದು ಕಡೆ. ಪ್ಯಾಂಟು, ಕನ್ನಡಕ, ಮಾಸ್ಕ್ ಹಾಕಲೇಬೇಕು. ಹಳೇ ಬಣ್ಣದಲ್ಲಿ ಸೀಸ ಇರುತ್ತದೆ, ಅದರ ಧೂಳು ಹೊಟ್ಟೆಗೂ ಶ್ವಾಸಕೋಶಕ್ಕೂ ಹೋಗಬಾರದು. ಬೇಸಿಗೆಯೆಂದರೆ ಮೇಲೆ ಮಾಳಿಗೆಯಲ್ಲಿ ಸಂಡಿಗೆ, ಮೆಣಸಿನಕಾಯಿ ಒಣಗುವ ಕಾಲವೂ ಹೌದು. ಕೆಳಗೆ ಗ್ರೈಂಡರ್ ಹಿಡಿದರೆ ಆ ವರ್ಷದ ಸಂಡಿಗೆಯನ್ನು ಎಸೆಯಲೇಬೇಕು. ಹಳೇ ಬಣ್ಣವನ್ನು ನೀರು ಹಾಕಿ ವಾಟರ್ ಪೇಪರ್‌ನಲ್ಲಿ ಉಜ್ಜಿದರೆ ಧೂಳೇಳುವುದಿಲ್ಲ. ಹಾಗೆ ಉಜ್ಜಿದ ಕಡೆ ಒಂದು ಸೊಗಸೂ ಕಾಣುತ್ತದೆ: ಉಂಗುರದೊಳಗೆ ಉಂಗುರವಾಗಿ ಹೊರಗಡೆ ಹಳದಿ, ಒಳಗೆ ನ್ಯಾಷನಲ್ ಪರ್ಮಿಟ್ ಕಾಲದ ತರಗೆಲೆ ಕಂದು, ಅದರೊಳಗೆ ನೀಲಿ, ನಡುವೆ ರೆಡ್ ಆಕ್ಸೈಡ್ ಎಂಬ ಕೆಂಪು ಅಡಿಬಣ್ಣ, ಬರಿ ಕಬ್ಬಿಣ. ಮೂಲ ಬಣ್ಣ ಯಾವುದೆಂಬ ವಾದ ಬಂದರೆ ಡ್ಯಾಶ್‌ಬೋರ್ಡಿನ ಅಡಿ ಅಥವಾ ಲಾಂಛನದ ಹಿಂಭಾಗ ನೋಡಿ. ಅಲ್ಲಿಗೆ ಯಾವ ಪೇಂಟರ್ ಬ್ರಷ್ಷೂ ಹೋಗಿರುವುದಿಲ್ಲ.

ವೆಲ್ಡಿಂಗ್‌ನಲ್ಲಿ ಆಗುವ ಅನಾಹುತಕ್ಕೆ ಕಾರಣ ಒಂದೇ, ಬಿಸಿ. ಕ್ಯಾಬಿನ್ನಿನ ತಗಡು ಸಾಮಾನ್ಯವಾಗಿ 18 ಅಥವಾ 20 ಗೇಜು. 20 ಗೇಜ್ ಅಂದರೆ ಒಂದು ಮಿಲಿಮೀಟರಿಗೂ ಕಡಿಮೆ. ಗೇಟು, ಗ್ರಿಲ್ಲು ಮಾಡುವ ಆರ್ಕ್ ಮಷಿನ್ನಿನಲ್ಲಿ ರಾಡ್ ಮುಟ್ಟಿಸಿದ ಕೂಡಲೇ ತೂತು, ತೂತು ಮುಚ್ಚಲು ಹೋದರೆ ಇನ್ನೂ ದೊಡ್ಡ ತೂತು. ರಾಡಿನ ಬದಲು ತಂತಿಯನ್ನು ತಾನೇ ಉಣಿಸುವ ಮಿಗ್ ಮಷಿನ್, 0.8 ಮಿಲಿಮೀಟರ್ ತಂತಿ ಬೇಕು. ಅದಿದ್ದರೂ ಗೆರೆ ಎಳೆದಂತೆ ಒಂದೇ ಸಮನೆ ಹೊಲಿದರೆ ತಗಡು ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಸೊಟ್ಟಗೆ ಏಳುತ್ತದೆ. ಇಂಚಿಗೊಂದು ಟ್ಯಾಕ್ (ಚುಕ್ಕಿ ಬೆಸುಗೆ), ಈ ತುದಿಗೊಂದು, ಆ ತುದಿಗೊಂದು, ನಡುವಿಗೊಂದು. ಕೈ ಇಡುವಷ್ಟು ತಣ್ಣಗಾದ ಮೇಲೆ ಮುಂದಿನದು. ನೋಡುತ್ತಾ ನಿಂತವರಿಗೆ ಬೇಜಾರಾಗಿ ಹೊರಟುಹೋಗುತ್ತಾರೆ. ಅದೂ ಒಂದು ಲಾಭ.

ತಗಡಿನ ಹಿಂದೆ ಮರ ಇದೆ ಎಂಬುದು ನೆನಪಿರಲಿ. ಕಿಡಿ ಸಂದಿಗೆ ಬಿದ್ದರೆ ಉರಿಯುವುದಿಲ್ಲ, ಒಳಗೊಳಗೇ ಕಮರುತ್ತದೆ. ಎಲ್ಲರೂ ಊಟಕ್ಕೆ ಕೂತಾಗ ಹೊಗೆ ಬರುತ್ತದೆ. ಒದ್ದೆ ಗೋಣಿ, ಬಕೆಟ್ ನೀರು ಪಕ್ಕದಲ್ಲಿರಲಿ, ವೆಲ್ಡಿಂಗ್ ಮುಗಿದ ಮೇಲೂ ಒಂದು ಗಂಟೆ ಅಲ್ಲೇ ಕಣ್ಣಿಟ್ಟಿರಿ. ಬ್ಯಾಟರಿಯ ವೈರ್ ಮೊದಲೇ ಬಿಚ್ಚಿರಬೇಕು. ಚಾಸಿ ರೈಲಿನ ಮೇಲಂಚು, ಕೆಳಂಚಿಗೆ ತೂತೂ ಬೇಡ, ವೆಲ್ಡೂ ಬೇಡ, ಭಾರದ ಎಳೆತವೆಲ್ಲ ಇರುವುದು ಅಲ್ಲೇ. ಬಾಡಿಯನ್ನು ಯೂ-ಬೋಲ್ಟಿನಲ್ಲೇ ಬಿಗಿಯಬೇಕು, ನಡುವೆ ಮರದ ಪ್ಯಾಕಿಂಗ್ ಕೊಟ್ಟು.

ಮರದ ವಿಷಯ ಚಿಕ್ಕದು. ಹೊನ್ನೆಯೋ ಮತ್ತಿಯೋ, ಚೆನ್ನಾಗಿ ಒಣಗಿದ್ದು ತನ್ನಿ. ಹಸಿ ಹಲಗೆ ಹಾಕಿದರೆ ಯುಗಾದಿಯ ಹೊತ್ತಿಗೆ ಸಂದಿನಲ್ಲಿ ಬೆರಳು ತೂರುತ್ತದೆ. ಗೆದ್ದಲಿಗೆ ಹೆದರಿ ಸುಟ್ಟ ಇಂಜಿನ್ ಆಯಿಲ್ ಬಳಿಯುವುದು ರೂಢಿ. ನೆಲದ ಅಡಿಗಾದರೆ ಸರಿ. ಪಕ್ಕದ ಹಲಗೆಗೆ ಬಳಿದರೆ ಅದರ ಮೇಲೆ ಯಾವ ಬಣ್ಣವೂ ಹಿಡಿಯದು.

ಈಗ ಪಟ್ಟಿ, ಅಂದರೆ ತಗಡಿನ ತಗ್ಗು ತುಂಬುವ ಪುಟ್ಟಿ. ನೂರು ಗ್ರಾಂ ಪಟ್ಟಿಗೆ ಎರಡು ಗ್ರಾಂ ಹಾರ್ಡನರ್. ಕಡಿಮೆಯಾದರೆ ವಾರವಾದರೂ ಅಂಟಂಟು, ಜಾಸ್ತಿಯಾದರೆ ಮೇಲಿನ ಬಣ್ಣದಲ್ಲಿ ಕಲೆ ಏಳುತ್ತದೆ. ಏಪ್ರಿಲ್ ಮಧ್ಯಾಹ್ನ ಕಲಸಿದ ಪಟ್ಟಿ ಕರಣೆಯ ಮೇಲೆಯೇ ಕಲ್ಲಾಗುತ್ತದೆ. ಒಂದು ಸಲಕ್ಕೆ ನಿಂಬೆಹಣ್ಣಿನ ಗಾತ್ರದಷ್ಟೇ ಕಲಸಿ. ಎರಡು–ಮೂರು ಮಿಲಿಮೀಟರಿಗಿಂತ ದಪ್ಪ ಮೆತ್ತುವುದು ಮೋಸ. ತಗ್ಗು ಆಳವಿದ್ದರೆ ಹಿಂದೆ ಡಾಲಿ (ಕೈಯಲ್ಲಿ ಹಿಡಿಯುವ ಕಬ್ಬಿಣದ ಗಟ್ಟಿ) ಕೊಟ್ಟು ಸುತ್ತಿಗೆಯಲ್ಲಿ ಎತ್ತಬೇಕು. ಬರಿ ತಗಡಿನ ಮೇಲೆ ಅಥವಾ ಎಪಾಕ್ಸಿ ಪ್ರೈಮರಿನ ಮೇಲೆ ಮಾತ್ರ ಹಾಕಿ. ರೆಡ್ ಆಕ್ಸೈಡ್ ಮೇಲೆ ಹಾಕಿದರೆ ಪಟ್ಟಿಯ ದ್ರಾವಕ ಅದನ್ನೇ ಎಬ್ಬಿಸುತ್ತದೆ. ಆಮೇಲೆ ಒಣ ಎಮರಿಯಲ್ಲೇ ಉಜ್ಜಬೇಕು, 80 ನಂಬರಿನ ಒರಟು ಕಾಗದದಿಂದ ಶುರುಮಾಡಿ 220ರ ನಯದವರೆಗೆ, ಧೂಳಿಗೆ ಮಾಸ್ಕ್ ಇದ್ದೇ ಇದೆ. ಪಟ್ಟಿ ನೀರು ಹೀರುತ್ತದೆ. ಒದ್ದೆ ಮಾಡಿ ಉಜ್ಜಿ ಬಣ್ಣ ಹೊಡೆದರೆ ಮುಂದಿನ ಮಳೆಗಾಲಕ್ಕೆ ಗುಳ್ಳೆ ಗ್ಯಾರಂಟಿ.

ಅಂತೂ ಬಣ್ಣ. ಸಿಂಥೆಟಿಕ್ ಎನಾಮೆಲ್ ಲೀಟರಿಗೆ ಒಂದು ಕೋಟಿನಲ್ಲಿ ಸುಮಾರು 100 ಚದರ ಅಡಿ ಹಿಡಿಯಿರಿ. 14 ಅಡಿ ಉದ್ದ, 7 ಅಡಿ ಅಗಲ, 4 ಅಡಿ ಎತ್ತರದ ಬಾಡಿಗೆ ಒಳಗೂ ಹೊರಗೂ ಎರಡು ಕೋಟಿಗೆ ಏಳು ಲೀಟರ್ ಬೇಕು. ಎನಾಮೆಲ್ ಮೇಲೆ ಎನ್‌ಸಿ (ಬೇಗ ಆರುವ ನೈಟ್ರೋಸೆಲ್ಯುಲೋಸ್) ಬಣ್ಣ ಹೊಡೆದರೆ ಅದರ ತಿನ್ನರ್ ಕೆಳಗಿನದನ್ನು ಸುಕ್ಕುಗಟ್ಟಿಸುತ್ತದೆ. ಜಡಿಮಳೆಯ ದಿನ ಎನ್‌ಸಿ ಹೊಡೆದರೆ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ, ತಿನ್ನರ್ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಕೂರುವುದರಿಂದ. ಆಷಾಢದ ಗಾಳಿಯಲ್ಲಂತೂ ಬಣ್ಣಕ್ಕಿಂತ ಕೆಂಪುಮಣ್ಣೇ ಜಾಸ್ತಿ ಕೂರುತ್ತದೆ. ಹೊಂಗೆ ಮರದಡಿ ನೆರಳು ಚೆನ್ನ, ಆದರೆ ಚೈತ್ರದಲ್ಲಿ ಅದು ಹೂ ಉದುರಿಸುತ್ತದೆ. ಹಳದಿ ಬಣ್ಣವೆಂದರೆ ಸಣ್ಣ ಹುಳಗಳಿಗೆ ಪ್ರಾಣ, ಸಂಜೆಯೊಳಗೆ ಅರ್ಧ ಡಜನ್ ಜಾತಿ ಅಂಟಿರುತ್ತವೆ. ತೆಗೆಯಲು ಹೋಗಬೇಡಿ. ಒಣಗಿದ ಮೇಲೆ 600ರ ಪೇಪರ್‌ನಲ್ಲಿ ಒರೆಸಿದರೆ ತಾವೇ ಹೋಗುತ್ತವೆ.

ಬಣ್ಣ ಬದಲಿಸುವುದಾದರೆ ಆರ್‌ಸಿಯಲ್ಲೂ ಬದಲಿಸಬೇಕು. “ವಿಂಟೇಜ್ ಅಲ್ವಾ ಸರ್” ಎಂದು ಆರ್‌ಟಿಓದಲ್ಲಿ ಎದೆಯುಬ್ಬಿಸಿ ಉಪಯೋಗವಿಲ್ಲ. 2021ರ ವಿಂಟೇಜ್ ನೋಂದಣಿ ನಿಯಮ 50 ವರ್ಷ ದಾಟಿದ ಬೈಕು, ಕಾರುಗಳಿಗೆ. ಲಾರಿಗೆ ಎಷ್ಟೇ ವಯಸ್ಸಾದರೂ ಸರ್ಕಾರದ ಲೆಕ್ಕದಲ್ಲಿ ಅದು ಲಾರಿಯೇ.

ಎನಾಮೆಲ್ ಮುಟ್ಟಿದರೆ ಅಂಟುವುದು ನಿಲ್ಲಲು ಕೆಲವು ಗಂಟೆ ಸಾಕು, ಪೂರ್ತಿ ಗಟ್ಟಿಯಾಗಲು ವಾರದ ಮೇಲೆ ಬೇಕು. ಎಲ್ಲರೂ ಆಯುಧಪೂಜೆಯ ಹಿಂದಿನ ದಿನವೇ ಮುಗಿಸುತ್ತಾರೆ. ಮಾರನೇ ದಿನ ಮೂತಿಗೆ ಅರಿಶಿನ, ಕುಂಕುಮ, ಚಕ್ರದಡಿ ನಿಂಬೆಹಣ್ಣು, ಬಂಪರಿನ ಮುಂದೆ ಕುಂಕುಮ ತುಂಬಿದ ಬೂದುಗುಂಬಳ. ಅದು ಒಡೆದು ಚಿಮ್ಮಿದ ಕೆಂಪು ಹಸಿ ಬಣ್ಣದೊಳಕ್ಕೆ ಇಳಿದರೆ ಯಾವ ಪಾಲಿಶಿಗೂ ಜಗ್ಗುವುದಿಲ್ಲ. ಅದಕ್ಕೇ ಅದೇ ಡಬ್ಬಿಯ ಬಣ್ಣ ಅರ್ಧ ಲೀಟರ್ ಎತ್ತಿಡಬೇಕು: ಮುಚ್ಚಳ ಬಿಗಿ ಮಾಡಿ, ತಲೆಕೆಳಗಾಗಿ ಇಡಿ, ಕೆನೆ ತಳದ ಕಡೆ ಕಟ್ಟುತ್ತದೆ. ಶೇಡ್ ನಂಬರಿನ ಜೊತೆ ‘ಲಾರಿಗೆ ಮಾತ್ರ’ ಎಂದೂ ದೊಡ್ಡದಾಗಿ ಬರೆಯಿರಿ. ಇಲ್ಲದಿದ್ದರೆ ದೀಪಾವಳಿಗೆ ಮನೆಯ ಗೇಟು ಮಿರಮಿರ ಮಿಂಚುತ್ತಿರುತ್ತದೆ.